ಕ್ಯಾಂಬಸ್ಲ್ಯಾಂಗ್ ಫುಟ್‌ಬಾಲ್ ಕ್ಲಬ್

ವಿಕ್ಟೋರಿಯಾ ರಾಣಿಯ ಕಾಲದ ಸ್ಕಾಟ್‌ಲೆಂಡಿನ ಅಲ್ಪಾಯು ಕಾಲ್ಚೆಂಡು ಸಂಘ (1874–1897). ಗ್ಲಾಸ್ಗೋ ನಗರದ ಆಗ್ನೇಯಕ್ಕಿರುವ ಕ್ಯಾಂಬಸ್ಲ್ಯಾಂಗ್ ಆಗ ನೇಯ್ಗೆ ಮತ್ತು ಕಲ್ಲಿದ್ದಲು ಗಣಿಗಳ ಹಳ್ಳಿ.

ಸಂಘದ ಉಚ್ಛ್ರಾಯ 1888ನೆಯ ವರ್ಷ. ಆ ಜನವರಿಯಲ್ಲಿ ಮೊಟ್ಟಮೊದಲ ಗ್ಲಾಸ್ಗೋ ಕಪ್ ಫೈನಲ್‌ನಲ್ಲಿ ಅದು ರೇಂಜರ್ಸ್ ತಂಡವನ್ನು 3–1ರಿಂದ ಮಣಿಸಿತು. ಆಗ ಗಣಿಯೂರಿನ ತಂಡವೊಂದು ಮಹಾನಗರದ ತಂಡವನ್ನು ಸೋಲಿಸುವುದು ಇನ್ನೂ ಸಾಧ್ಯವಿತ್ತು. ಮರುತಿಂಗಳೇ ಸ್ಕಾಟಿಷ್ ಕಪ್ ಫೈನಲ್. ಎದುರಾಳಿ ರೆಂಟನ್ ಕೂಡ ಹಳ್ಳಿಯ ತಂಡವೇ. ಹ್ಯಾಂಪ್ಡೆನ್ ಪಾರ್ಕ್‌ನಲ್ಲಿ ಕ್ಯಾಂಬಸ್ಲ್ಯಾಂಗ್ 1–6ರಿಂದ ಹೀನಾಯವಾಗಿ ಸೋತಿತು.

1890ರಲ್ಲಿ ಸ್ಥಾಪನೆಯಾದ ಸ್ಕಾಟಿಷ್ ಫುಟ್‌ಬಾಲ್ ಲೀಗ್‌ನ ಸ್ಥಾಪಕ ಸದಸ್ಯರಲ್ಲಿ ಇದೂ ಒಂದು. ಮೊದಲ ವರ್ಷ ನಾಲ್ಕನೆಯ ಸ್ಥಾನ. ಎರಡನೆಯ ವರ್ಷ ಹನ್ನೆರಡು ತಂಡಗಳಲ್ಲಿ ಹನ್ನೊಂದನೆಯದು. 1892ರಲ್ಲಿ ಲೀಗ್‌ನಿಂದ ಹೊರಬಿತ್ತು. ಅಲ್ಲಿಂದಾಚೆಗಿನ ಕಥೆ ಚಿಕ್ಕದು. 1893ರಲ್ಲಿ ಸ್ಕಾಟ್‌ಲೆಂಡ್ ವೃತ್ತಿಪರ ಆಟಕ್ಕೆ ಅನುಮತಿ ನೀಡಿತು. ಆಟಗಾರರಿಗೆ ಸಂಬಳ ಕೊಡುವ ಶಕ್ತಿ ನಗರದ ದೊಡ್ಡ ಸಂಘಗಳಿಗಿತ್ತು, ಹಳ್ಳಿಯ ಸಂಘದ ಟಿಕೆಟ್ ಗಳಿಕೆಗಿರಲಿಲ್ಲ. ಸಂಘ 1897ರಲ್ಲಿ ವಿಸರ್ಜನೆಗೊಂಡಿತು. 1899ರಲ್ಲಿ ಹುಟ್ಟಿದ ಕ್ಯಾಂಬಸ್ಲ್ಯಾಂಗ್ ರೇಂಜರ್ಸ್ ಬೇರೆಯದೇ ಸಂಘ.