ಕ್ಷಮಾದಾನದ ದಾನಿ ಯಾರು?

ರಾಷ್ಟ್ರಪತಿಗಳು ಒಬ್ಬ ಅಪರಾಧಿಯ ಮರಣದಂಡನೆಯನ್ನು ತಪ್ಪಿಸಿದರೆ ನಮ್ಮ ಪತ್ರಿಕೆಗಳು ಅದನ್ನು 'ಕ್ಷಮಾದಾನ' ಎಂದು ಕರೆಯುತ್ತವೆ. ಗೋದಾನ, ಭೂದಾನ, ಅನ್ನದಾನಗಳ ಸಾಲಿನಲ್ಲಿ ಇದೂ ಒಂದು ದಾನ. ಮಾತಿನ ಈ ಜೋಡಣೆ ರೂಢಿಯಿಂದ ಬಂದದ್ದಿರಬಹುದು. ಆದರೂ ಅದರಲ್ಲಿ ನಾವು ಎಣಿಸಿದುದಕ್ಕಿಂತ ಹೆಚ್ಚಿನ ಅರ್ಥವಿದೆಯೆಂದು ನನಗೆ ಅನೇಕ ಸಲ ತೋರಿದೆ. ಏಕೆಂದರೆ ದಾನವೆಂದರೆ ಕೊಟ್ಟವನ ಮನಸ್ಸಿನ ಉಬ್ಬರವಷ್ಟೇ ಅಲ್ಲ, ಅದಕ್ಕೆ ಕಟ್ಟುಪಾಡುಗಳುಂಟು.

ಆ ಕಟ್ಟುಪಾಡುಗಳನ್ನು ತಿಳಿಯಹೇಳಿದವನು ನಮ್ಮ ಕಲ್ಯಾಣದಲ್ಲಿಯೇ ಇದ್ದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ಇಂಗ್ಲಿಷರ ನ್ಯಾಯಾಲಯಗಳಲ್ಲಿಯೂ ಪ್ರಮಾಣಗ್ರಂಥವಾಗಿ ಮೆರೆಯಿತು. ಅವನ ಮತದಲ್ಲಿ ದಾನವೆಂದರೆ ವಸ್ತುವಿನ ಮೇಲಿನ ತನ್ನ ಸ್ವಾಮ್ಯವನ್ನು ಬಿಟ್ಟು ಮತ್ತೊಬ್ಬನ ಸ್ವಾಮ್ಯವನ್ನು ಹುಟ್ಟಿಸುವುದು. ಆ ಮತ್ತೊಬ್ಬನು ಸ್ವೀಕರಿಸಿದಾಗಲೇ ಅದು ಪೂರ್ತಿಯಾಗುತ್ತದೆ. ಪಕ್ಕದ ಮನೆಯ ಹಸುವನ್ನು ಬಿಚ್ಚಿತಂದು ಗೋದಾನ ಮಾಡಿದರೆ ಪುಣ್ಯದ ಮಾತು ಹಾಗಿರಲಿ, ಕಳ್ಳತನದ ಪಾಪವಂತೂ ತಪ್ಪದು. ವಿಜ್ಞಾನೇಶ್ವರನ ಮಾತು ಹೊಲ, ಮನೆ, ಹಣಗಳ ಮಾತು, ನಿಜ. ಕ್ಷಮೆಗೂ ಅದೇ ಅಳತೆಗೋಲನ್ನು ಹಿಡಿದು ನೋಡಿದರೆ ಏನಾದೀತು?

ಮೊದಲು ಪುರಾಣವನ್ನೇ ನೋಡೋಣ. ಮಲಗಿದ್ದ ಉಪಪಾಂಡವರನ್ನು ಅಶ್ವತ್ಥಾಮ ಕೊಂದ ಕತೆ ಎಲ್ಲರಿಗೂ ಗೊತ್ತು. ವ್ಯಾಸಭಾರತದ ದ್ರೌಪದಿ ಅವನ ಮೇಲೆ ಸೇಡು ತೀರದ ಹೊರತು ಏಳೆನೆಂದು ಪ್ರಾಯೋಪವೇಶಕ್ಕೆ ಕೂಡುತ್ತಾಳೆ. ಭಾಗವತದ ದ್ರೌಪದಿ ಬೇರೆ. ಅರ್ಜುನನು ಅಶ್ವತ್ಥಾಮನನ್ನು ಪಶುವಿನಂತೆ ಹಗ್ಗದಲ್ಲಿ ಬಿಗಿದು ಅವಳ ಮುಂದೆ ತಂದು ನಿಲ್ಲಿಸುತ್ತಾನೆ. ಭೀಮ ಕೊಲ್ಲು ಎನ್ನುತ್ತಾನೆ. ಐದು ಮಕ್ಕಳನ್ನು ಕಳೆದುಕೊಂಡ ತಾಯಿ ಬಿಟ್ಟುಬಿಡು ಎನ್ನುತ್ತಾಳೆ. ಗುರುಪುತ್ರ, ಬ್ರಾಹ್ಮಣ ಎಂಬ ಕಾರಣಗಳನ್ನೂ ಕೊಡುತ್ತಾಳೆ. ಆದರೆ ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದು ಕಾರಣ: ತಾನು ಅಳುತ್ತಿರುವಂತೆ ಅವನ ತಾಯಿ ಕೃಪಿಯೂ ಅಳುವುದು ಬೇಡ. ಧರ್ಮರಾಯನು ಅರಸ, ದಂಡಿಸುವ ಅಧಿಕಾರ ಅವನದು. ಅವನು ಅವಳ ಮಾತನ್ನು ಮೆಚ್ಚುತ್ತಾನೆ, ಅಷ್ಟೆ. ಸಭೆಯಲ್ಲಿ ಆ ದಾನಕ್ಕೆ ಸ್ವಾಮ್ಯವಿದ್ದವಳು ಅವಳೊಬ್ಬಳೇ. ಅರ್ಜುನನು ತಲೆಯ ಮಣಿಯನ್ನು ಕಿತ್ತುಕೊಂಡು ಅಶ್ವತ್ಥಾಮನನ್ನು ಹೊರದೂಡಿದನು. ಪ್ರಾಣ ಉಳಿಯಿತು, ಮಾನ ಉಳಿಯಲಿಲ್ಲ.

ಇಂದಿನ ಕಾನೂನು ಈ ಸ್ವಾಮ್ಯವನ್ನು ದ್ರೌಪದಿಯಿಂದ ಕಸಿದು ಧರ್ಮರಾಯನಿಗೆ ಕೊಟ್ಟಿದೆ. ಸಣ್ಣಪುಟ್ಟ ಹೊಡೆದಾಟ, ಬೈದಾಟಗಳಲ್ಲಿ ನೊಂದವರು ಒಪ್ಪಿದರೆ ರಾಜಿಯಾಗಬಹುದು. ಕೊಲೆಯಲ್ಲಿ ಹಾಗಿಲ್ಲ, ಅದು ರಾಜ್ಯದ ವಿರುದ್ಧ ಎಸಗಿದ ಅಪರಾಧ. ಸಂವಿಧಾನದ 72ನೆಯ ಅನುಚ್ಛೇದ ರಾಷ್ಟ್ರಪತಿಗಳಿಗೂ 161ನೆಯದು ರಾಜ್ಯಪಾಲರಿಗೂ ಕ್ಷಮಿಸುವ ಅಧಿಕಾರ ಕೊಡುತ್ತವೆ; ಇಬ್ಬರೂ ನಡೆಯಬೇಕಾದದ್ದು ಮಂತ್ರಿಮಂಡಲದ ಸಲಹೆಯಂತೆ. ಹೀಗೆ ಮಾಡಿದುದಕ್ಕೆ ಬಲವಾದ ಕಾರಣಗಳುಂಟು. ನೊಂದವರ ಕೈಗೇ ದಂಡವನ್ನೂ ಕ್ಷಮೆಯನ್ನೂ ಕೊಟ್ಟರೆ ಹಣವಂತನು ಬಡವನ ಕ್ಷಮೆಯನ್ನು ಕೊಂಡುಕೊಂಡಾನು; ಬಲವಂತನು ಹೆದರಿಸಿ ಪಡೆದಾನು. ಆದರೂ ಆ ಎರಡು ಅನುಚ್ಛೇದಗಳಲ್ಲಿ ನೊಂದವರ ಹೆಸರೇ ಇಲ್ಲವೆಂಬುದು ನನ್ನನ್ನು ಕಾಡದೆ ಬಿಟ್ಟಿಲ್ಲ.

ಸ್ವೀಕಾರದ ಮಾತು ಅಮೆರಿಕದ ನ್ಯಾಯಾಲಯದಲ್ಲಿ ವಿಚಿತ್ರವಾದ ರೀತಿಯಲ್ಲಿ ಬಂತು. ಸುಂಕದ ಮೋಸದ ಸುದ್ದಿ ಎಲ್ಲಿಂದ ಬಂತೆಂದು ಹೇಳಲು 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯ ಬರ್ಡಿಕ್ ಎಂಬ ಸಂಪಾದಕ ಒಪ್ಪಲಿಲ್ಲ. ಹೇಳಿದರೆ ತನ್ನ ಮೇಲೆಯೇ ಆರೋಪ ಬಂದೀತೆಂದ. ಆ ನೆಪವನ್ನು ತೊಡೆಯಲು ಅಧ್ಯಕ್ಷ ವಿಲ್ಸನ್ ಅವನಿಗೆ ಕ್ಷಮಾಪತ್ರವನ್ನೇ ಬರೆದುಕೊಟ್ಟರು. ಬರ್ಡಿಕ್ ಅದನ್ನು ಮುಟ್ಟಲಿಲ್ಲ. ಕ್ಷಮೆಯನ್ನು ಒಲ್ಲೆನೆನ್ನುವ ಹಕ್ಕು ಅವನಿಗುಂಟು, ಕೊಳ್ಳುವುದೆಂದರೆ ತಪ್ಪನ್ನು ಒಪ್ಪಿಕೊಂಡಂತೆ ಎಂದು 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ಇದಕ್ಕೆ ಅರ್ಧ ಶತಮಾನಕ್ಕೂ ಮೊದಲು ನಮ್ಮ ದೇಶದಲ್ಲಿಯೇ ಒಬ್ಬ ರಾಣಿ ಕೊಟ್ಟ ಕ್ಷಮೆಯನ್ನು ಇನ್ನೊಬ್ಬ ರಾಣಿ ಒಲ್ಲೆನೆಂದಿದ್ದಳು. ಕೊಟ್ಟವಳು ವಿಕ್ಟೋರಿಯಾ; ಒಲ್ಲೆನೆಂದವಳು ಅವಧದ ಬೇಗಂ ಹಜರತ್ ಮಹಲ್.

1857ರ ದಂಗೆಯ ಕಾವಿನಲ್ಲಿ ಇಂಗ್ಲಿಷ್ ಅಧಿಕಾರಿಗಳು ಕಂಡಕಂಡವರನ್ನು ಮರಗಳಿಗೆ ನೇತುಹಾಕುತ್ತಿದ್ದರು. ಇದಕ್ಕೆ ತಡೆಹಾಕಲು ಗವರ್ನರ್ ಜನರಲ್ ಕ್ಯಾನಿಂಗ್ ಜುಲೈ 31ರಂದು ಒಂದು ನಿರ್ಣಯ ಹೊರಡಿಸಿದನು. ಕಲ್ಕತ್ತೆಯ, ಲಂಡನ್ನಿನ ಪತ್ರಿಕೆಗಳು ಅವನನ್ನು 'ದಯಾಳು ಕ್ಯಾನಿಂಗ್' ಎಂದು ಹಂಗಿಸಿದವು. ಅದು ಅಂದು ಬಿರುದಲ್ಲ, ಬೈಗುಳ! ಇದೇ ದಯಾಳು 1858ರ ಮಾರ್ಚಿಯಲ್ಲಿ ಆರು ಮಂದಿಯ ಹೊರತು ಅವಧದ ಜಮೀನುದಾರರೆಲ್ಲರ ಭೂಮಿಯನ್ನು ಮುಟ್ಟುಗೋಲು ಹಾಕಿದ್ದೆಂದು ಸಾರಿದನು. ಮನುಷ್ಯನ ದಯೆಗೆ ಎಲ್ಲೆಗಳಿರುತ್ತವೆ. ಕ್ಯಾನಿಂಗನದಕ್ಕೆ ಭೂಮಾಪಕರ ಕಲ್ಲುಗಳೂ ಇದ್ದವು.

ಆ ವರ್ಷದ ನವೆಂಬರ್ 1ರಂದು ರಾಣಿಯ ಘೋಷಣೆಯನ್ನು ಕ್ಯಾನಿಂಗನೇ ಅಲಹಾಬಾದಿನಲ್ಲಿ ಓದಿಸಿದನು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಕೈಯಿಟ್ಟವರ ಹೊರತು ಉಳಿದವರಿಗೆ ದಯೆ. ಮುಂದಾಳುಗಳಿಗೆ ಪ್ರಾಣದ ಭರವಸೆ ಮಾತ್ರ. ಆಯುಧವಿಟ್ಟು ಮನೆಗೆ ಮರಳಲು ಮುಂದಿನ ಜನವರಿ 1ರ ಗಡುವು. ಅದನ್ನು ಓದಿದ ಊರು ಯಾವುದೆಂಬುದನ್ನು ಮರೆಯಬಾರದು. ಹಿಂದಿನ ವರ್ಷದ ಜೂನಿನಲ್ಲಿ ಕರ್ನಲ್ ನೀಲ್ ಅದೇ ಅಲಹಾಬಾದಿನಲ್ಲಿ ಜನರನ್ನು ಗಲ್ಲಿಗೇರಿಸಿದ್ದನು, ಸುತ್ತಲ ಹಳ್ಳಿಗಳನ್ನು ಸುಡಿಸಿದ್ದನು. ಆ ಬೂದಿಯ ಮೇಲೆ ನಿಂತು ಕ್ಷಮಿಸುವೆನೆಂದವರು ಸುಟ್ಟುಹೋದ ಹಳ್ಳಿಗಳವರ ಕ್ಷಮೆಯನ್ನು ಬೇಡಲಿಲ್ಲ.

ಬೇಗಂ ಹಜರತ್ ಮಹಲ್ ತನ್ನ ಮಗ ಬಿರ್ಜಿಸ್ ಖದರನ ಹೆಸರಿನಲ್ಲಿ ಎದುರು ಘೋಷಣೆಯನ್ನು ಹೊರಡಿಸಿದಳು. ಅದು ವಕೀಲರು ತಲೆದೂಗುವಂಥ ಪತ್ರ. ಕಂಪನಿಯ ಕಾನೂನು, ಕಂಪನಿಯ ನೌಕರರು, ಕಂಪನಿಯ ಕರಾರುಗಳು ಹಾಗೆಯೇ ಉಳಿಯುವುದಾದರೆ ರಾಣಿಯಿಂದ ಬಂದ ಹೊಸತೇನು ಎಂದು ಅವಳ ಪ್ರಶ್ನೆ. ಕೊಟ್ಟ ಮಾತನ್ನು ಇಂಗ್ಲಿಷರು ಎಲ್ಲೆಲ್ಲಿ ಮುರಿದರೆಂದು ಪಟ್ಟಿ ಮಾಡಿದಳು: ಭರತಪುರ, ಲಾಹೋರ್, ಪುಣೆಯ ಪೇಶ್ವೆ, ಆ ಸಾಲಿನಲ್ಲಿ ನಮ್ಮ ಟಿಪ್ಪು ಸುಲ್ತಾನನ ಹೆಸರೂ ಇದೆ. ಶ್ರೀರಂಗಪಟ್ಟಣ ಬಿದ್ದು ಸುಮಾರು ಅರವತ್ತು ವರ್ಷಗಳಾದ ಮೇಲೆ ಎಲ್ಲಿಯೋ ಅವಧದ ಹೆಂಗಸೊಬ್ಬಳು ಅದನ್ನು ಸಾಕ್ಷಿಗೆ ಕರೆದಳು! ಇಂಗ್ಲಿಷರು ತಪ್ಪನ್ನು ಮನ್ನಿಸಿದುದನ್ನು ಯಾರೂ ಕನಸಿನಲ್ಲಿಯೂ ಕಂಡಿಲ್ಲವೆಂಬುದು ಅವಳ ಕೊನೆಯ ಪೆಟ್ಟು. ಗಡುವು ಕಳೆಯಿತು. ಅವಳು ನೇಪಾಳದ ಗಡಿ ದಾಟಿ ಹೋದಳು. 1879ರಲ್ಲಿ ಕಾಠ್ಮಂಡುವಿನಲ್ಲಿ ಮಣ್ಣಾದಳು.

ರಾಣಿಯ ಘೋಷಣೆ ಹೊರಡುವ ಹೊತ್ತಿಗೆ ನಮ್ಮ ನರಗುಂದದ ಲೆಕ್ಕ ಮುಗಿದಿತ್ತು. ದತ್ತಕಕ್ಕೆ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ಭಾಸ್ಕರರಾಯ ಬಾಬಾಸಾಹೇಬನ ಕಡೆಯವರು 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದರು. ಅವನ ತಲೆ ನರಗುಂದದ ಬಾಗಿಲಲ್ಲಿ ತೂಗಿತು. ಜೂನ್ 12ರಂದು ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಐದು ತಿಂಗಳು ತಲೆಮರೆಸಿಕೊಂಡಿದ್ದರೆ ಉಳಿಯುತ್ತಿದ್ದನೆ? ಇಲ್ಲ. ಅವನಂಥವರನ್ನು ಹೊರಗಿಡಲೆಂದೇ ಆ ವಿನಾಯಿತಿಯ ವಾಕ್ಯವನ್ನು ಬರೆದಂತಿದೆ.

ಸ್ವತಂತ್ರ ಭಾರತದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನೌಕಾಪಡೆಯ ಅಧಿಕಾರಿ ನಾನಾವತಿ 1959ರಲ್ಲಿ ಮುಂಬಯಿಯಲ್ಲಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದನು. ಜ್ಯೂರಿ ನಿರ್ದೋಷಿಯೆಂದಿತು, ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಪತ್ರಿಕೆಗಳು, ಪಾರಸಿ ಸಮಾಜ, ನೌಕಾಪಡೆ ಅವನ ಬೆನ್ನಿಗಿದ್ದವು. ಸತ್ತವನು ಸಿಂಧಿ; ಸುಮ್ಮನೆ ಬಿಟ್ಟರೆ ಸಿಂಧಿಗಳು ಸುಮ್ಮನಿರುವಂತಿರಲಿಲ್ಲ. ಆಮದು ಪರವಾನಗಿಯ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಭಾಯಿ ಪ್ರತಾಪ್ ಎಂಬ ಸಿಂಧಿ ವ್ಯಾಪಾರಿಗೂ ಅದೇ ಹೊತ್ತಿನಲ್ಲಿ ಕ್ಷಮೆ ದೊರೆಯಿತು. ತಕ್ಕಡಿಯ ಎರಡು ತಟ್ಟೆಗಳು ಸಮನಾದವು ಎನ್ನಬೇಕು! ಇದು ದಯೆಗಿಂತ ವ್ಯವಹಾರವೆಂದು ಮೂಗು ಮುರಿದವರನ್ನು ನಾನು ತಪ್ಪೆನ್ನಲಾರೆ.

ಆದರೆ 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತರು ನಾನಾವತಿಯ ಕ್ಷಮಾಪತ್ರಕ್ಕೆ ಸಹಿ ಹಾಕುವ ಮೊದಲು ಇನ್ನೊಂದು ಸಹಿ ಬೇಕೆನಿಸಿತು. ಕೊಲೆಯಾದವನ ಸೋದರಿಯನ್ನು ಕೇಳಲಾಯಿತು. ಕ್ಷಮಿಸಿದ್ದೇನೆಂದು ಆಕೆ ಕಾಗದದ ಮೇಲೆ ಬರೆದುಕೊಟ್ಟಳು. ಹಾಗೆ ಬರೆಸಿಕೊಳ್ಳಬೇಕೆಂದು 161ನೆಯ ಅನುಚ್ಛೇದದಲ್ಲಿ ಎಲ್ಲಿಯೂ ಇಲ್ಲ.