ತಂಪಿನ ಋಣ

ಬಿಸಿಲನ್ನು ಕುರಿತು ಮಾತನಾಡುವುದಕ್ಕೆ ವಿದ್ವತ್ತು ಬೇಕಿಲ್ಲ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಒಂದು ವೈಶಾಖವನ್ನು ಕಳೆದಿದ್ದರೆ ಸಾಕು. ತಂಪನ್ನು ಕುರಿತು ಮಾತನಾಡಬೇಕಾದರೆ ಮಾತ್ರ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಬಿಸಿಲು ತಾನಾಗಿ ಬರುವಂಥದು. ತಂಪು ಮನುಷ್ಯ ಮಾಡಿಕೊಂಡದ್ದು. ಮನುಷ್ಯ ಮಾಡಿಕೊಂಡದ್ದಕ್ಕೆಲ್ಲ ಒಂದು ಚರಿತ್ರೆ ಇರುತ್ತದೆ. ಅದರ ಬೆನ್ನಿಗೇ ಒಂದು ರಿಪೇರಿಯ ಲೆಕ್ಕವೂ ಇರುತ್ತದೆ.

ಈ ಮಾತು ನನಗೆ ಹೊಳೆದದ್ದು ಕಳೆದ ಬೇಸಗೆಯಲ್ಲಿ, ಕಲಬುರಗಿಯಲ್ಲಿರುವ ನನ್ನ ಮಗನ ಮನೆಯಲ್ಲಿ. ಗೋಡೆಯ ಮೇಲಿನ ಏಸಿ ಯಂತ್ರ ತಂಪು ಕೊಡುವುದನ್ನು ಬಿಟ್ಟು, ಹಾಸಿಗೆಯ ಮೇಲೆ ತೊಟತೊಟನೆ ನೀರು ಬೀಳಿಸತೊಡಗಿತ್ತು. ಎರಡು ದಿನ ಕಾಯಿಸಿದ ಮೇಲೆ ಮೆಕ್ಯಾನಿಕ್ ಹುಡುಗನೊಬ್ಬ ಬಂದ. ಕುರ್ಚಿ ಹತ್ತಿ, ಮುಚ್ಚಳ ತೆಗೆದು, ಒಳಗಿನ ಜಾಳಿಗೆಯನ್ನು ಎಳೆದು ನನ್ನ ಮುಂದೆ ಹಿಡಿದ. ಕಂಬಳಿಯ ತುಂಡಿನ ಹಾಗೆ ಧೂಳು ಕೂತಿತ್ತು.

“ಮುತ್ಯಾ, ಇದನ್ನ ಹಿಂದ ಯಾವಾಗ ತೊಳಸೀರಿ?” ಎಂದ.

ಮಗ ಸೊಸೆಯ ಮುಖ ನೋಡಿದ. ಸೊಸೆ ಮಗನ ಮುಖ ನೋಡಿದಳು.

“ಯಂತ್ರಕ್ಕ ಏನೂ ಆಗಿಲ್ರಿ. ಉಸುರು ಕಟ್ಟ್ಯದ, ಅಷ್ಟ” ಎಂದು ಹುಡುಗ ಜಾಳಿಗೆಯನ್ನು ನಲ್ಲಿಯ ಕೆಳಗೆ ಹಿಡಿದ. ಗಾಳಿ ಸಾಕಷ್ಟು ಹಾಯದಿದ್ದರೆ ಒಳಗಿನ ತಣ್ಣನೆಯ ಕೊಳವೆಗಳ ಮೇಲೆ ಹಿಮ ಕಟ್ಟುತ್ತದೆ. ಆ ಹಿಮ ಕರಗಿ ನೀರಾಗಿ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಕೋಣೆ ತಂಪಾಯಿತು. ನನಗೆ ಮಾತ್ರ ಅವನ ಪ್ರಶ್ನೆ ಮರೆಯಲಿಲ್ಲ. ಅದೇ ಪ್ರಶ್ನೆಯನ್ನು ನಾನು ಬಹಳ ಹಿಂದೆ ಇನ್ನೊಬ್ಬರ ಬಾಯಿಂದ ಕೇಳಿದ್ದೆ.

ವಿಜಯಪುರದ ಸೀಮೆಯಲ್ಲಿ ನಮ್ಮದೊಂದು ಮಾಳಿಗೆಯ ಮನೆ. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಎಲ್ಲಕ್ಕೂ ಮೇಲೆ ಒಂದು ಮೊಳದಷ್ಟು ಮಣ್ಣು. ಇಂಥ ಮನೆ ಬಿಸಿಲನ್ನು ಎದುರಿಸುವ ಉಪಾಯ ಬಹು ಸರಳವಾದದ್ದು: ಅದು ಬಿಸಿಲನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ. ಮಧ್ಯಾಹ್ನದ ಕಾವು ಆ ದಪ್ಪ ಮಣ್ಣನ್ನು ದಾಟಿ ಒಳಗೆ ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಯವರೆಲ್ಲ ಹಾಸಿಗೆ ಎತ್ತಿಕೊಂಡು ಮಾಳಿಗೆಯ ಮೇಲೆ ಹೋಗಿರುತ್ತಾರೆ! ಬಂದ ಕಾವು ಬರಿಯ ಮನೆಯನ್ನು ಕಂಡು, ಬೆಳಕಿಂಡಿಯ ಹಾದಿ ಹಿಡಿದು, ಬೆಳಗಿನೊಳಗೆ ಹೊರಟುಹೋಗುತ್ತದೆ. ಸುಮಾರು 3 ಮೀಟರು ದಪ್ಪದ ಗೋಡೆಗಳ ಗೋಲಗುಮ್ಮಟದೊಳಗೆ ಮೇ ತಿಂಗಳಲ್ಲಿ ಕಾಲಿಟ್ಟವರಿಗೆ ಈ ಉಪಾಯದ ರಾಜವೈಭವ ತಿಳಿದೀತು. ನಮ್ಮದು ಅದರ ಬಡ ನೆಂಟ.

ಆದರೆ ಮಣ್ಣಿನ ಮಾಳಿಗೆ ವರ್ಷಕ್ಕೊಮ್ಮೆ ತನ್ನ ಬಾಕಿಯನ್ನು ಕೇಳುತ್ತದೆ. ಬೇಸಗೆಯಲ್ಲಿ ಅದು ಬಿರಿಯುತ್ತದೆ, ಗಾಳಿಗೆ ಸವೆಯುತ್ತದೆ, ಇಲಿ ಇರುವೆಗಳು ತೂತು ತೋಡುತ್ತವೆ. ರೋಹಿಣಿ ಮಳೆ ಹೂಡುವುದರೊಳಗೆ ಕರಲು ಮಣ್ಣು ತಂದು ಮೇಲೆ ಹರವಬೇಕು. ಹೊಲಕ್ಕೆ ಶಾಪವಾದ ಈ ಸವುಳು ಮಣ್ಣು ಮಾಳಿಗೆಗೆ ವರ. ಅದರಲ್ಲಿರುವ ಸೋಡಿಯಂ ಲವಣದ ದೆಸೆಯಿಂದ, ನೀರು ಬಿದ್ದೊಡನೆ ಮಣ್ಣಿನ ಸೂಕ್ಷ್ಮ ಕಣಗಳು ಉಬ್ಬಿ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೇಲಿನ ನೀರು ಕೆಳಗೆ ಇಳಿಯದೆ ದೋಣಿಯತ್ತ ಹರಿಯುತ್ತದೆ. ಅದರಲ್ಲಿ ಹುಲ್ಲೂ ಸುಲಭವಾಗಿ ಹುಟ್ಟದು. ರಸಾಯನಶಾಸ್ತ್ರ ಇದನ್ನು ವಿವರಿಸುವ ಎಷ್ಟೋ ಕಾಲ ಮೊದಲೇ ನಮ್ಮ ರೈತರು ಇದನ್ನು ಕಂಡುಕೊಂಡಿದ್ದರು.

ನಮ್ಮ ಮನೆಗೆ ಈ ಮಣ್ಣು ಹಾಕುತ್ತಿದ್ದ ಮುದುಕರನ್ನು ನಾವು ಹುಡುಗರು ಮಣ್ಣಿನ ಮುತ್ಯಾ ಎನ್ನುತ್ತಿದ್ದೆವು. ಬುಟ್ಟಿ ಹೊತ್ತು ಏಣಿ ಏರಿ ಬಂದವರೇ ಮೊದಲು ಬರಿಗಾಲಿನಲ್ಲಿ ಮಾಳಿಗೆಯ ಮೇಲೆಲ್ಲ ಒಂದು ಸುತ್ತು ನಡೆಯುವರು. ಎಲ್ಲಿ ಮಣ್ಣು ಸಡಿಲಾಗಿದೆ ಎಂಬುದನ್ನು ಅವರ ಅಂಗಾಲು ಹೇಳುತ್ತಿತ್ತು. ನಾವೂ ಅವರ ಹಿಂದೆ ಬರಿಗಾಲಿನಲ್ಲಿ ನಡೆದು, ಕಾಲು ಸುಟ್ಟುಕೊಂಡು ನೆರಳಿಗೆ ಓಡುತ್ತಿದ್ದೆವು.

ಒಂದು ಊರಿನ ತಂಪೂ ಹೀಗೆಯೇ ಆರೈಕೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ವಿಜಯಪುರಕ್ಕಿಂತ ಬೇರೆ ನಿದರ್ಶನ ಬೇಡ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ನೆಲದೊಳಗೆ ಮಣ್ಣಿನ ಕೊಳವೆಗಳನ್ನು ಹಾಕಿಸಿ ಊರಿಗೆ ನೀರು ತಂದರು. ಹಾದಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದರು. ನೀರಿನ ಒತ್ತಡ ಅಲ್ಲಿ ಇಳಿಯುತ್ತಿತ್ತು. ನೀರಿನಲ್ಲಿದ್ದ ಹೂಳೂ ಅಲ್ಲಿ ತಳ ಸೇರುತ್ತಿತ್ತು. ಹೂಳು ತಳ ಸೇರಿತೆಂದರೆ ಅದನ್ನು ಇಳಿದು ತೆಗೆಯುವವನು ಒಬ್ಬ ಬೇಕೆಂದೇ ಅರ್ಥ. ಅರಮನೆಯ ಕಾರಂಜಿಗಳು ಚಿಮ್ಮಿದ್ದು ಅವನ ಕೆಲಸದಿಂದ. 1686ರಲ್ಲಿ ನಗರ ಔರಂಗಜೇಬನ ವಶವಾಯಿತು, ಜನ ಚದುರಿದರು, ಕೊಳವೆಗಳ ಆರೈಕೆ ತಪ್ಪಿತು. ಗೋಪುರಗಳು ಕೆಲವು ಇಂದಿಗೂ ನಿಂತಿವೆ.

ಉತ್ತರದ ಮೊಗಲರದು ಇನ್ನೊಂದು ಬಗೆ. ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ಲಾವಂಚದ ಬೇರನ್ನು ತುಂಬಿದ ಬಿದಿರಿನ ತಟ್ಟಿಗಳ ಮೇಲೆ ನೀರು ಎರಚಿ ಬೇಸಗೆಯಲ್ಲಿ ಚಳಿಗಾಲ ತರುವ ರೀತಿಯನ್ನು ಬಣ್ಣಿಸಿದ್ದಾನೆ. ಸುರುಪ್ಪು ಬೆರಸಿದ ನೀರಿನಲ್ಲಿ ಪಾತ್ರೆಯನ್ನು ತಿರುಗಿಸಿ ಕುಡಿಯುವ ನೀರನ್ನು ತಣಿಸುವುದನ್ನೂ ಹೇಳಿದ್ದಾನೆ. ತಟ್ಟಿಯ ಗುಟ್ಟು ನಮ್ಮ ಮಣ್ಣಿನ ಹರವಿಯ ಗುಟ್ಟೇ. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು 580 ಕಿಲೊಕ್ಯಾಲರಿ ಉಷ್ಣವನ್ನು ಸುತ್ತಲಿನಿಂದ ಕಸಿಯುತ್ತದೆ. ಹಿಮದಷ್ಟು ತಣ್ಣಗಿರುವ ಆರು ಲೀಟರು ನೀರನ್ನು ಹೆಚ್ಚುಕಡಿಮೆ ಕುದಿಗೆ ತರುವಷ್ಟು ಉಷ್ಣ ಅದು. ಒಣ ಹವೆಯ ವಿಜಯಪುರ, ಕಲಬುರಗಿಗಳಲ್ಲಿ ಈ ಉಪಾಯ ನಡೆಯುತ್ತದೆ. ಗಾಳಿಯೇ ನೀರು ಕುಡಿದು ಕೂತಿರುವ ಮಂಗಳೂರಿನಲ್ಲಿ ನಡೆಯದು. ಅಲ್ಲಿ ಬೇಕಾದದ್ದು ಗಾಳಿಯಾಡುವ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಹಡಗು ಹತ್ತಿ ದೇಶದೇಶಗಳಿಗೆ ಹೋಯಿತು. ಅದಕ್ಕೂ ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಕೈಯಾಡಿಸುವವನು ಬೇಕೇ ಬೇಕು.

ತಂಪನ್ನು ಕಡಲಾಚೆಯಿಂದ ತರಿಸಿಕೊಂಡ ಕಾಲವೂ ಒಂದಿತ್ತು. ಬೋಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರ್ ಎಂಬಾತ 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ ಮಂಜುಗಡ್ಡೆಯನ್ನು ತುಂಬಿ ಕಲ್ಕತ್ತೆಗೆ ಕಳುಹಿಸಿದ. ಕೆರೆಗಳ ಮೇಲೆ ಕಟ್ಟಿದ ಹಿಮವನ್ನು ಕೊಯ್ದು ಮಾರುವುದು ಅವನ ಉದ್ಯೋಗ. ನಾಲ್ಕು ತಿಂಗಳ ಪಯಣದ ಮೇಲೆ, ಸೆಪ್ಟೆಂಬರಿನಲ್ಲಿ, ಸುಮಾರು 100 ಟನ್ ಉಳಿದು ಬಂದಿತ್ತು. ಮುಂದೆ ಮದ್ರಾಸಿನ ಕಡಲ ದಂಡೆಯಲ್ಲಿಯೂ ಒಂದು ಹಿಮದ ಮನೆ ಎದ್ದಿತು. ಯಂತ್ರದ ಮಂಜುಗಡ್ಡೆ ಬಂದು ಆ ವ್ಯಾಪಾರ ನಿಂತ ಮೇಲೆ, 1897ರಲ್ಲಿ, ಪಶ್ಚಿಮದಿಂದ ಮರಳಿದ ವಿವೇಕಾನಂದರು ಅದೇ ಮನೆಯಲ್ಲಿ ತಂಗಿದ್ದರು. ಆ ವ್ಯಾಪಾರ ಹೋದರೂ ಅದರ ನೆನಪು ನಮ್ಮ ಬಾಯಲ್ಲಿ ಉಳಿದಿದೆ. ಏಸಿಯನ್ನು ಒಂದೂವರೆ ಟನ್ನಿನದು ಎನ್ನುತ್ತಾರಲ್ಲ, ಅದು ಯಂತ್ರದ ತೂಕವಲ್ಲ. 2,000 ಪೌಂಡಿನ ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಉಷ್ಣವೇ ಆ ಅಳತೆ. ಮಗನ ಗೋಡೆಯ ಮೇಲೆ ಟ್ಯೂಡರನ ಮಂಜುಗಡ್ಡೆ ಈಗಲೂ ಲೆಕ್ಕಕ್ಕಾದರೂ ಕರಗುತ್ತಿದೆ.

ಇದೇ ಕಾಲದ ಇನ್ನೊಂದು ತಂಪಿನ ಕಥೆಯನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಆದರೆ ಬಿಡುವ ಹಾಗಿಲ್ಲ. ಸಾಹೇಬರ ಬಂಗಲೆಗಳಲ್ಲಿ, ಕಚೇರಿಗಳಲ್ಲಿ, ಸೋಲ್ಜರರ ಬಾರಕುಗಳಲ್ಲಿ ಸೂರಿಗೆ ಪಂಖಾ ತೂಗುಹಾಕಿ, ಅದರ ಹಗ್ಗವನ್ನು ಹೊರಗೆ ಕೂತ ಕೂಲಿಯ ಕೈಗೆ ಕೊಡುತ್ತಿದ್ದರು. ಒಳಗಿನವರು ನಿದ್ರಿಸಬೇಕಾದರೆ ಹೊರಗಿನವನು ಎಚ್ಚರವಾಗಿರಬೇಕು. ಅವನು ತೂಕಡಿಸಿದರೆ ಒದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೀಗೆ ಒದೆ ತಿಂದು ಸತ್ತ ಪಂಖಾ ಕೂಲಿಗಳ ಮೊಕದ್ದಮೆಗಳು ಕೋರ್ಟುಗಳಿಗೆ ಬಂದವು. ಸತ್ತವನ ಗುಲ್ಮ ಮಲೇರಿಯದಿಂದ ಊದಿಕೊಂಡಿತ್ತು, ಅದಕ್ಕೇ ಒಡೆಯಿತು ಎಂದು ವೈದ್ಯರು ಸಾಕ್ಷ್ಯ ಹೇಳುವುದು. ಒದ್ದವನು ಅಲ್ಪ ಶಿಕ್ಷೆಯಲ್ಲಿಯೋ ದಂಡದಲ್ಲಿಯೋ ಪಾರಾಗುವುದು. ಇದು ಎಷ್ಟು ವಾಡಿಕೆಯಾಯಿತೆಂದರೆ ವೈಸರಾಯ್ ಕರ್ಜನನಂಥ ಸಾಮ್ರಾಜ್ಯಾಭಿಮಾನಿಗೂ ಈ ಬಗೆಯ ಹಲ್ಲೆಗಳು ನಾಚಿಕೆಯ ವಿಷಯವಾದವು. ತಂಪಿನ ಚರಿತ್ರೆಯಲ್ಲಿ ಆ ಕೂಲಿಗಳ ಹೆಸರುಗಳನ್ನು ಬರೆದಿಟ್ಟವರು ವಿರಳ.

ಅವರ ಕೈಯಿಂದ ಹಗ್ಗವನ್ನು ಬಿಡಿಸಿದ್ದು ಕೊನೆಗೆ ವಿದ್ಯುತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ಅದೇ 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ, ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಜರುಗುತ್ತಿದ್ದುದನ್ನು ತಪ್ಪಿಸಲು, ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಗಾಳಿಯ ತೇವವನ್ನು ಹದಗೊಳಿಸುವ ಯಂತ್ರವನ್ನು ರೂಪಿಸಿದ. ಏಸಿ ಹುಟ್ಟಿದ್ದು ಮನುಷ್ಯನ ಸುಖಕ್ಕಾಗಿ ಅಲ್ಲ, ಕಾಗದದ ಸುಖಕ್ಕಾಗಿ! ಈ ಯಂತ್ರ ಉಷ್ಣವನ್ನು ನಾಶ ಮಾಡುವುದಿಲ್ಲ. ಒಳಗಿನದನ್ನು ಎತ್ತಿ ಹೊರಗೆ, ನೆರೆಯವನ ಕಿಟಕಿಯ ಕಡೆಗೆ ಎಸೆಯುತ್ತದೆ. ಅದರಲ್ಲಿ ತುಂಬುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಓಜೋನ್ ಪದರಕ್ಕೆ ಕುತ್ತೆಂದು ಮೊಲಿನಾ ಮತ್ತು ರೋಲಂಡ್ 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಆ ಅನಿಲಗಳನ್ನು ಹಂತಹಂತವಾಗಿ ಕೈಬಿಡಲಾಯಿತು. ಕೋಣೆಯ ಬಾಕಿ ಆಕಾಶದ ಲೆಕ್ಕಕ್ಕೆ ಏರಿದ್ದು ಹೀಗೆ.

ಇನ್ನು ನಮ್ಮ ಮನೆಯ ಮಾತು. ತಂದೆಯವರು 1994ರಲ್ಲಿ ತೀರಿಕೊಂಡರು. ನಾನು ಧಾರವಾಡದಲ್ಲಿ ಮಾಸ್ತರಿಕೆಯಲ್ಲಿದ್ದೆ, ತಮ್ಮ ಪುಣೆಯಲ್ಲಿದ್ದ. ಊರಲ್ಲಿ ತಾಯಿ ಒಬ್ಬರೇ. ಮೊದಲ ಬೇಸಗೆಯಲ್ಲಿ, “ಮಾಳಿಗಿಗೆ ಮಣ್ಣು ಹಾಕಸಬೇಕಪಾ” ಎಂದು ಪತ್ರ ಬರೆಸಿದರು. ಪರೀಕ್ಷೆಯ ಕೆಲಸ, ಬರುವ ವರ್ಷ ನೋಡೋಣ ಎಂದು ಬರೆದೆ. ಎರಡನೆಯ ಬೇಸಗೆಯಲ್ಲಿ ಅವರು ಪತ್ರ ಬರೆಸಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯ ಮಳೆಗಾಲದ ಒಂದು ರಾತ್ರಿ ನಡುಮನೆಯ ಅಂಕಣ ಕುಸಿಯಿತು. ತಾಯಿ ಆ ಹೊತ್ತು ನೀರು ಕುಡಿಯಲು ಅಡಿಗೆಮನೆಗೆ ಎದ್ದು ಹೋಗಿದ್ದರು. ಅವರ ಹಾಸಿಗೆಯ ಮೇಲೆ ತೊಲೆ ಬಿದ್ದಿತ್ತು.

ನಾನು ಬಂದಾಗ ಮುತ್ಯಾ ಮಣ್ಣಿನ ಗುಡ್ಡೆಯ ಮುಂದೆ ಕೂತಿದ್ದರು. ಮುರಿದ ಜಂತಿಯನ್ನು ಉಗುರಿನಿಂದ ಕೆರೆದು, ಪುಡಿಪುಡಿಯಾಗಿ ಉದುರಿದ್ದನ್ನು ನನಗೆ ತೋರಿಸಿದರು.

“ಮಣ್ಣು ಹಿಂದ ಯಾವಾಗ ಹಾಕಸೀರಿ, ಮಾಸ್ತರ್ರ?”

ನಾನು ಸುಮ್ಮನಿದ್ದೆ.

“ಮಾಳಿಗಿ ನಿನ್ನಿ ಮಳಿಗೆ ಬಿದ್ದಿಲ್ಲರಿ. ಎರಡು ಬ್ಯಾಸಿಗಿ ಹಿಂದನ ಬಿದ್ದದ. ನಿನ್ನಿ ಸಪ್ಪಳ ಆತು, ಅಷ್ಟ.”

ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಇಂದು ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲವೋ ಏನೋ.

ಬಿದ್ದ ಅಂಕಣಕ್ಕೆ ಸಿಮೆಂಟಿನ ಸ್ಲ್ಯಾಬು ಹಾಕಿಸಿದೆವು. ಉಳಿದದ್ದು ಮಣ್ಣಿನದೇ ಉಳಿಯಿತು. ಈಗ ಒಂದೇ ಮನೆಯಲ್ಲಿ ಎರಡು ಹವೆ. ಬೇಸಗೆಯ ರಾತ್ರಿ ಒಂಬತ್ತು ಗಂಟೆಗೆ ಏಣಿ ಹತ್ತಿ ಸ್ಲ್ಯಾಬಿನ ಅಡಿಗೆ ಅಂಗೈ ಇಟ್ಟರೆ, ಒಲೆಯಿಂದ ಆಗ ತಾನೆ ಇಳಿಸಿದ ಹಂಚಿನ ಹಾಗೆ ಬಿಸಿ. ತೆಳ್ಳನೆಯ ಸ್ಲ್ಯಾಬಿಗೆ ಬಿಸಿಲನ್ನು ಬಹಳ ಹೊತ್ತು ತಡಮಾಡಿಸುವ ಶಕ್ತಿಯಿಲ್ಲ. ಆದರೆ ಅದು ಸುಲಭವಾಗಿ ಬೀಳುವುದೂ ಇಲ್ಲ, ವರ್ಷಕ್ಕೊಮ್ಮೆ ಮಣ್ಣು ಕೇಳುವುದೂ ಇಲ್ಲ. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಒಂಟಿಯಾಗಿರುವ ತಾಯಂದಿರಿಗೆ ಮಣ್ಣಿನ ಮಾಳಿಗೆಯ ಗುಣಗಾನ ಮಾಡುವ ಧೈರ್ಯ ನನಗಿಲ್ಲ. ಸ್ಲ್ಯಾಬಿನ ಮೇಲೆ ದಪ್ಪಗೆ ಸುಣ್ಣ ಬಳಿದರೆ ಅದು ಬಿಸಿಲನ್ನು ಬಹುಮಟ್ಟಿಗೆ ಹಿಂದಕ್ಕೆ ಕಳುಹಿಸುತ್ತದೆ. 2010ರ ಭೀಕರ ಝಳದಲ್ಲಿ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದು 2013ರಲ್ಲಿ ಬಿಸಿಲಿನ ವಿಪತ್ತಿಗೆಂದೇ ಒಂದು ಯೋಜನೆ ಮಾಡಿಕೊಂಡಿತು. ಅಲ್ಲಿ ಬಡವರ ಮನೆಗಳ ಮೇಲೆ ಬಿಳಿ ಬಳಿಯುವ ಕೆಲಸವೂ ಮುಂದೆ ನಡೆಯಿತು. ಸುಣ್ಣವೂ ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಬಳಿಯಬೇಕಾಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ತಾಯಿಯೂ ಇಲ್ಲ, ಮಣ್ಣಿನ ಮುತ್ಯಾನೂ ಇಲ್ಲ. ನಿವೃತ್ತನಾದಂದಿನಿಂದ ಪ್ರತಿ ವರ್ಷ ರೋಹಿಣಿಗೆ ಮುಂಚೆ ನಾನೇ ಊರಿಗೆ ಹೋಗಿ ಇಬ್ಬರು ಆಳುಗಳನ್ನು ಹುಡುಕುತ್ತೇನೆ. ಸಿಕ್ಕುವುದು ಕಷ್ಟ, ಸಿಕ್ಕವರಿಗೂ ಕರಲು ಎಲ್ಲಿ ತೋಡಬೇಕೆಂಬುದನ್ನು ನಾನೇ ಹೇಳಬೇಕು. ಈ ವರ್ಷ ಹತ್ತು ವರ್ಷದ ಮೊಮ್ಮಗನೂ ಜತೆಗೆ ಬಂದಿದ್ದ. ಆಳುಗಳು ಬುಟ್ಟಿ ಇಳಿಸುವ ಮೊದಲು ನಾನು ಚಪ್ಪಲಿ ಬಿಟ್ಟು ಮಾಳಿಗೆಯ ಮೇಲೆ ಒಂದು ಸುತ್ತು ನಡೆದೆ. ಅವನೂ ಹಿಂದೆ ಬಂದ. ಕಾಲು ಸುಟ್ಟು ಕುಣಿದ. ಆದರೆ ನೆರಳಿಗೆ ಓಡಲಿಲ್ಲ. ಮೂಲೆಯ ಕಡೆ ಒಂದೆಡೆ ನಿಂತು, ಹಿಮ್ಮಡಿಯಿಂದ ಒತ್ತಿ ನೋಡಿ, “ಮುತ್ಯಾ, ಇಲ್ಲಿ ಮೆತ್ತಗದ” ಎಂದ.

ಮೊದಲ ಬುಟ್ಟಿಯನ್ನು ಅಲ್ಲಿಯೇ ಸುರಿಸಿದೆ.