ಸ್ಟೀರಿಂಗ್‌ಗೆ ಅಂಟಿಸಿದ ಸ್ಪ್ಯಾನರ್

ಹಾಸ್ಟೆಲಿನ ಗೆಳೆಯನೊಬ್ಬ ತನ್ನ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟ. ಹೆಸರು ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’. ಅಮೆರಿಕದ ಪಪೈರಸ್ ಸಂಸ್ಥೆ 1998ರಲ್ಲಿ ತಂದ ಕಾರು ರೇಸಿನ ಸಿಮ್ಯುಲೇಟರ್ ಅದು. ತನ್ನ ಕಾಲದ ಕಾರುಗಳನ್ನು ಬಿಟ್ಟು 1967ರ ಫಾರ್ಮುಲಾ ಒನ್ ಋತುವನ್ನು ಅದು ಮರುಕಟ್ಟಿತ್ತು. ಥೀಸಿಸ್ಸಿನ ಅಧ್ಯಾಯ ಬರೆಯಬೇಕಾದ ಸಂಜೆಗಳನ್ನು ನಾನು ಅದಕ್ಕೆ ಕೊಟ್ಟೆ. ಮೊದಲ ದಿನ ಒಂದು ಸುತ್ತನ್ನೂ ಮುಗಿಸಲಾಗಲಿಲ್ಲ.

1967ನ್ನೇ ಆರಿಸಿಕೊಂಡದ್ದರಲ್ಲಿ ಅರ್ಥವಿದೆ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆಗಳು ಫಾರ್ಮುಲಾ ಒನ್‌ಗೆ ಬಂದದ್ದು 1968ರಲ್ಲಿ. ಅದಕ್ಕೂ ಮುಂಚೆ ಚಾಲಕನಿಗೆ ಟೈರಿನ ಹಿಡಿತವೊಂದೇ ಆಸರೆ. ಟೈರು ಸ್ವಲ್ಪ ಜಾರಿದಾಗ ಹಿಡಿತ ಹೆಚ್ಚುತ್ತದೆ, ಇನ್ನೂ ಜಾರಿದರೆ ಕೈಬಿಡುತ್ತದೆ. ಆ ಎರಡರ ನಡುವೆ ಆಕ್ಸಿಲರೇಟರಿನಿಂದಲೇ ಕಾರನ್ನು ತಿರುಗಿಸಬೇಕು. ಆಟ ಇದನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆಂದರೆ, ಜಿಮ್ ಕ್ಲಾರ್ಕ್ ಓಡಿಸುತ್ತಿದ್ದ ಲೋಟಸ್ 49ರಲ್ಲಿ ಕಾಲನ್ನು ತುಸು ಜೋರಾಗಿ ಒತ್ತಿದರೂ ಹಿಂಬದಿ ಮುಂದಕ್ಕೆ ಬಂದುಬಿಡುತ್ತದೆ.

ಇಂಥ ಆಟ ಆಡುವವರೆಲ್ಲರ ಹತ್ತಿರ ಒಂದು ‘ಬೇಕು’ಗಳ ಪಟ್ಟಿ ಇರುತ್ತದೆ: ಈ ಕಾರು ಬೇಕಿತ್ತು, ಆ ಟ್ರ್ಯಾಕ್ ಬೇಕಿತ್ತು, ಇದು ಇನ್ನೂ ನಿಜದಂತೆ ಇರಬೇಕಿತ್ತು. ನಾನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯತೊಡಗಿದೆ. ಬರೆಯುತ್ತ ಹೋದಂತೆ, ಆಟದಲ್ಲಿ ಏನು ಇಲ್ಲ ಎನ್ನುವುದು ಚರಿತ್ರೆಯ ವಿದ್ಯಾರ್ಥಿಗೆ ಇರುವುದಕ್ಕಿಂತ ಹೆಚ್ಚು ಹೇಳುತ್ತದೆ ಅನಿಸಿತು.

ಮೊದಲ ಬೇಕು, ಎರಡು ಕಾರುಗಳಿಗೆ ಅವುಗಳ ನಿಜ ಹೆಸರು. ಆಟದಲ್ಲಿ ಹೋಂಡಾ ‘ಮುರಸಾಮ’ ಆಗಿದೆ, ಕೂಪರ್ ‘ಕೊವೆಂಟ್ರಿ’ ಆಗಿದೆ. 1967ರ ಮೊದಲ ರೇಸನ್ನು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಪೆದ್ರೊ ರೊಡ್ರಿಗೆಸ್ ಗೆದ್ದದ್ದು ಕೂಪರ್‌ನಲ್ಲಿ. ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಜಾನ್ ಸರ್ಟೀಸ್ ಕೂದಲೆಳೆಯ ಅಂತರದಲ್ಲಿ ಗೆದ್ದದ್ದು ಹೋಂಡಾದಲ್ಲಿ. ಗೆದ್ದವರ ಹೆಸರೂ ದಾಖಲೆಯಿಂದ ಜಾರಿಹೋಗಬಹುದು!

ಎರಡನೆಯದು ಟ್ರ್ಯಾಕ್. ಆ ವರ್ಷ ಫ್ರಾನ್ಸಿನ ರೇಸ್ ನಡೆದದ್ದು ಲೆ ಮಾನ್ಸ್‌ನ ಬುಗಾಟಿ ಸರ್ಕ್ಯೂಟಿನಲ್ಲಿ. ಆಟದಲ್ಲಿ ಅದರ ಜಾಗದಲ್ಲಿ ರುವಾಂ ಇದೆ. ಆದರೆ ರುವಾಂ ಆಡಲು ಸೊಗಸು, ಹಾಗಾಗಿ ಈ ದೂರನ್ನು ನಾನೇ ಹೊಡೆದುಹಾಕಿದೆ.

ಮೂರನೆಯದು ಮಳೆ. ಈ ಆಟದಲ್ಲಿ ಮಳೆ ಬರುವುದೇ ಇಲ್ಲ. ಬೆಲ್ಜಿಯಂನ ಸ್ಪಾದಲ್ಲಿ ಮಳೆಯಿಲ್ಲ ಎಂದರೆ ಆಗುಂಬೆಯಲ್ಲಿ ಮಳೆಯಿಲ್ಲ ಎಂದ ಹಾಗೆ. ಆಗಿನ ಸ್ಪಾ ಟ್ರ್ಯಾಕ್ ಸುಮಾರು 14 ಕಿಲೋಮೀಟರ್ ಉದ್ದವಿತ್ತು, ಹಳ್ಳಿ ಮನೆಗಳ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಒಂದು ತುದಿಯಲ್ಲಿ ಬಿಸಿಲಿದ್ದಾಗ ಇನ್ನೊಂದು ತುದಿಯಲ್ಲಿ ಮಳೆ ಸುರಿಯುತ್ತಿರಬಹುದಿತ್ತು.

1966ರಲ್ಲಿ ಆದದ್ದೂ ಅದೇ. ಒಣ ರಸ್ತೆಯಲ್ಲಿ ಹೊರಟ ಚಾಲಕರು ಮೊದಲ ಸುತ್ತಿನಲ್ಲೇ ಮಳೆಗೆ ನುಗ್ಗಿದರು. ಜಾಕಿ ಸ್ಟೀವರ್ಟ್‌ನ ಕಾರು ರಸ್ತೆ ಬಿಟ್ಟು ಹಾರಿತು. ನುಜ್ಜುಗುಜ್ಜಾದ ಕಾರಿನೊಳಗೆ ಅವನು ಸಿಕ್ಕಿಕೊಂಡ, ಮೈಮೇಲೆ ಪೆಟ್ರೋಲ್ ಸುರಿಯುತ್ತಿತ್ತು. ಒಂದು ಕಿಡಿ ಹಾರಿದ್ದರೆ ಮುಗಿಯಿತು. ಸಹಾಯಕ್ಕೆ ಓಡಿ ಬಂದದ್ದು ಅದೇ ಜಾಗದಲ್ಲಿ ಜಾರಿ ನಿಂತಿದ್ದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್ ಎಂಬ ಇಬ್ಬರು ಚಾಲಕರು. ಸ್ಟೀರಿಂಗ್ ಬಿಚ್ಚದೆ ಅವನನ್ನು ಹೊರಗೆಳೆಯುವಂತಿರಲಿಲ್ಲ. ಬಿಚ್ಚಲು ಸ್ಪ್ಯಾನರ್ ಇರಲಿಲ್ಲ. ಕೊನೆಗೆ ರೇಸು ನೋಡಲು ಬಂದಿದ್ದವರೊಬ್ಬರಿಂದ ಎರವಲು ತಂದರು. ಸುಮಾರು 25 ನಿಮಿಷ ಹಿಡಿಯಿತು. ಆಮೇಲೆ ಸ್ಟೀವರ್ಟ್ ತನ್ನ ಕಾರಿನ ಸ್ಟೀರಿಂಗ್‌ಗೆ ಒಂದು ಸ್ಪ್ಯಾನರ್ ಅಂಟಿಸಿಕೊಂಡೇ ರೇಸಿಗೆ ಇಳಿಯುತ್ತಿದ್ದ. ಮೂರು ಬಾರಿ ಚಾಂಪಿಯನ್ ಆದರೂ ಚಾಲಕರ ಸುರಕ್ಷತೆಗಾಗಿ ಹೋರಾಡಿ ಹಲವರ ಕಣ್ಣಲ್ಲಿ ಪುಕ್ಕಲನಾದ. 1970ರ ನಂತರ ಫಾರ್ಮುಲಾ ಒನ್ ಹಳೆಯ ಸ್ಪಾಗೆ ಮರಳಲಿಲ್ಲ. 1983ರಲ್ಲಿ ಮತ್ತೆ ಬಂದದ್ದು ಅರ್ಧದಷ್ಟು ಉದ್ದದ ಹೊಸ ಟ್ರ್ಯಾಕಿಗೆ.

ಆಟದಲ್ಲಿ ನನ್ನ ಕಾರು ಮಗುಚಿದಾಗ ‘ಶಿಫ್ಟ್’ ಮತ್ತು ‘ಆರ್’ ಒತ್ತುತ್ತೇನೆ. ಕಾರು ಗೀರೂ ಇಲ್ಲದೆ ಎದ್ದು ನಿಲ್ಲುತ್ತದೆ. ಟೈರಿನ ಜಾರಾಟವನ್ನು ಅಷ್ಟು ನಿಖರವಾಗಿ ಲೆಕ್ಕ ಹಾಕಿದವರು ಇಲ್ಲಿ ಮಾತ್ರ ಲೆಕ್ಕ ಬಿಟ್ಟಿದ್ದಾರೆ. ಅವರನ್ನು ದೂರಲಾರೆ. ಲೊರೆಂಜೊ ಬಾಂದಿನಿ 1967ರಲ್ಲೇ ಮೊನಾಕೊದ ಬೆಂಕಿಯಲ್ಲಿ ಸುಟ್ಟು ಮೂರು ದಿನಕ್ಕೆ ತೀರಿಕೊಂಡ. ಮರುವರ್ಷ ಏಪ್ರಿಲ್‌ನಲ್ಲಿ ಕ್ಲಾರ್ಕ್ ಹೋದ. ಅದನ್ನೆಲ್ಲ ಆಟವಾಗಿಸುವುದು ಬೇಡ. ಆದರೆ ಆ ಕಾಲವನ್ನು ‘ನಿಜದಂತೆ’ ತೋರಿಸಿದ್ದೇವೆ ಎನ್ನುವಾಗ ಯಾವ ನಿಜ ಎಂದು ಕೇಳಬೇಕಾಗುತ್ತದೆ. ಯಂತ್ರದ ನಿಜವೋ, ಅದರೊಳಗೆ ಕೂತವನ ನಿಜವೋ? ಹಳೆಯ ಕಾಗದಗಳಿಂದ ಗತವನ್ನು ಕಟ್ಟಲು ಹೊರಟ ನನ್ನಂಥವರಿಗೂ ಇದೇ ಪ್ರಶ್ನೆ. ಅಂಕಿ ಅಂಶಗಳು ಸಿಗುತ್ತವೆ, ಅಂಜಿಕೆ ಸಿಗುವುದಿಲ್ಲ.

ನನ್ನ ಪಟ್ಟಿಯ ಕೊನೆಯ ಸಾಲಿನಲ್ಲಿರುವುದು ಕಾರಲ್ಲ. ಸ್ಟೀರಿಂಗ್ ಮೇಲೆ ಟೇಪಿನಲ್ಲಿ ಅಂಟಿಸಿದ ಒಂದು ಸ್ಪ್ಯಾನರ್. ಆಟದಲ್ಲಿ ಅದಕ್ಕೇನೂ ಕೆಲಸ ಬೇಡ. ಪ್ರತಿ ತಿರುವಿನಲ್ಲೂ ಕಣ್ಣೆದುರು ಇದ್ದರೆ ಸಾಕು.